ಶೇಕಡಾ 9 ಮತ್ತು ಶೇಕಡಾ 67ರ ನಡುವೆ

ಬ್ರೆಜಿಲ್‌ನ ಝಿಕಾ ಮಕ್ಕಳ, ಅಂದರೆ ಗರ್ಭದಲ್ಲೇ ಝಿಕಾ ವೈರಸ್ ತಗುಲಿದ ಮಕ್ಕಳ, ಬಗೆಗಿನ ವರದಿಗಳನ್ನು ಒಟ್ಟುಮಾಡಿ ಓದುತ್ತಿದ್ದಾಗ ಎರಡು ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. 2016ರ ಜನವರಿ ಕೊನೆಯಲ್ಲಿ ಪ್ರಕಟವಾದ ಒಂದು ಆರಂಭಿಕ ವರದಿಯಲ್ಲಿ 35 ಕೂಸುಗಳ ವಿವರವಿದೆ. ಹಿಂದಿನ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಂಟು ರಾಜ್ಯಗಳಲ್ಲಿ ಹುಟ್ಟಿದ ಈ ಕೂಸುಗಳ ತಲೆಯ ಸುತ್ತಳತೆ ಇರಬೇಕಾದದ್ದಕ್ಕಿಂತ ಕಡಿಮೆ. ಅವುಗಳಲ್ಲಿ ಫಿಟ್ಸ್ ಕಂಡದ್ದು ಶೇ. 9ರಷ್ಟಕ್ಕೆ. ಅಂದರೆ ಮೂರು ಕೂಸುಗಳಿಗೆ. 2018ರಲ್ಲಿ ಅದೇ ದೇಶದ ನರತಜ್ಞರು 141 ಮಕ್ಕಳನ್ನು ಪರೀಕ್ಷಿಸಿ ಅಪಸ್ಮಾರ ಶೇ. 67 ಎಂದು ಬರೆದರು. 2020ರಲ್ಲಿ ಪ್ರಕಟವಾದ ರೆಸಿಫೆ ನಗರದ 91 ಮಕ್ಕಳ ಅಧ್ಯಯನದಲ್ಲಿ ಅದು ಶೇ. 71ರ ಆಸುಪಾಸು. ದೇಶ ಒಂದೇ, ವೈರಸ್ ಒಂದೇ. ರೋಗ ಮಾತ್ರ ಏಳೆಂಟು ಪಟ್ಟು ಹೆಚ್ಚಿದ್ದು ಹೇಗೆ?

ಮೊದಲ ಅನುಮಾನ ಆಸ್ಪತ್ರೆಗಳ ಮೇಲೆ ಹೋಯಿತು. ನರರೋಗ ಚಿಕಿತ್ಸಾಲಯಕ್ಕೆ ಬರುವವರು ಸಾಮಾನ್ಯವಾಗಿ ತೀರಾ ಬಳಲಿದ ಮಕ್ಕಳೇ. ಹಾಗಾಗಿ ಅಲ್ಲಿ ಅಂಕಿ ಮೇಲಿರುವುದು ಸಹಜ. ಆದರೆ ಆ 35 ಕೂಸುಗಳೇನೂ ಹಗುರವಾದ ಪ್ರಕರಣಗಳಲ್ಲ. 25 ಕೂಸುಗಳಿಗೆ ತೀವ್ರ ಮೈಕ್ರೋಸೆಫಲಿ (ತೀರಾ ಚಿಕ್ಕ ತಲೆ) ಇತ್ತು, ಮಿದುಳಿನ ಸ್ಕ್ಯಾನ್ ಆದ 27 ಕೂಸುಗಳಲ್ಲಿ ಒಂದರದ್ದೂ ಸರಿಯಿರಲಿಲ್ಲ. ಇಷ್ಟು ಹಾನಿಯಿದ್ದೂ ಫಿಟ್ಸ್ ಶೇ. 9 ಮಾತ್ರ ಎಂದ ಮೇಲೆ, ಅನುಮಾನ ತೀರಾ ಸುಳ್ಳಲ್ಲದಿದ್ದರೂ ಇಡೀ ವ್ಯತ್ಯಾಸದ ಭಾರವನ್ನು ಅದು ಹೊರಲಾರದು.

ಎರಡನೆಯದು ತಲೆ ಅಳೆಯುವ ಟೇಪು. ಇದು ಹೆಚ್ಚು ಆಕರ್ಷಕವಾದ ದಾರಿ, ಯಾಕೆಂದರೆ ಟೇಪಿನ ಮಿತಿ ನಿಜಕ್ಕೂ ಬದಲಾಗುತ್ತ ಹೋಗಿತ್ತು. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆ ಚಿಕ್ಕದೆನ್ನಲು ಬ್ರೆಜಿಲ್ ಮೊದಲು ಇಟ್ಟ ಮಿತಿ 33 ಸೆಂ.ಮೀ. 2015ರ ಡಿಸೆಂಬರ್‌ನಲ್ಲಿ ಅದು 32ಕ್ಕೆ ಇಳಿಯಿತು. ಮಾರನೆಯ ಮಾರ್ಚ್‌ನಲ್ಲಿ ಗಂಡಿಗೆ 31.9, ಹೆಣ್ಣಿಗೆ 31.5 ಎಂದಾಯಿತು. ಮಿತಿ ಸಡಿಲವಾದಷ್ಟೂ ಆರೋಗ್ಯವಂತ ಕೂಸುಗಳೂ ಪಟ್ಟಿ ಸೇರುತ್ತವೆ, ಫಿಟ್ಸ್‌ನ ಪಾಲು ತಗ್ಗುತ್ತದೆ. ಪರೈಬಾ ರಾಜ್ಯದ ವೈದ್ಯರು 2012ರಿಂದ 2015ರವರೆಗಿನ 16,208 ನವಜಾತ ಶಿಶುಗಳ ಹಳೆಯ ದಾಖಲೆ ತೆಗೆದು ನೋಡಿದಾಗ, ಬಳಸಿದ ಮಾನದಂಡಕ್ಕೆ ತಕ್ಕಂತೆ ಶೇ. 4ರಿಂದ 8ರಷ್ಟು ಕೂಸುಗಳು 'ಚಿಕ್ಕ ತಲೆ'ಯವಾಗಿದ್ದವು! ತಲೆ ಎಣಿಸುವವರೆಲ್ಲ ಒಮ್ಮೆ ಓದಬೇಕಾದ ವರದಿ ಅದು. ಆದರೂ ನನ್ನ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಆ 35 ಕೂಸುಗಳು ಬರೀ ಟೇಪಿನ ಸಡಿಲದಿಂದ ಒಳಬಂದ ಆರೋಗ್ಯವಂತ ಕೂಸುಗಳಾಗಿದ್ದರೆ ಸ್ಕ್ಯಾನ್ ಅಷ್ಟು ಕೆಟ್ಟಿರುತ್ತಿರಲಿಲ್ಲ.

ವರದಿಗಳನ್ನು ಪ್ರಕಟವಾದ ವರ್ಷದ ಪ್ರಕಾರ ಜೋಡಿಸಿಟ್ಟಿದ್ದೆ. ಅವನ್ನು ಮಕ್ಕಳ ವಯಸ್ಸಿನ ಪ್ರಕಾರ ಜೋಡಿಸಿದಾಗ ದಾರಿ ಕಂಡಿತು. 35 ಕೂಸುಗಳ ವರದಿ ಆಗಷ್ಟೇ ಹುಟ್ಟಿದವುಗಳದ್ದು. 141 ಮಕ್ಕಳಲ್ಲಿ ಅಪಸ್ಮಾರ ಶುರುವಾದ ಸರಾಸರಿ ವಯಸ್ಸು ಸುಮಾರು ಐದು ತಿಂಗಳು. ರೆಸಿಫೆಯವರು ಮಕ್ಕಳನ್ನು ಎರಡು ವರ್ಷದವರೆಗೆ ಹಿಂಬಾಲಿಸಿದ್ದರು. ಪರೈಬಾದಲ್ಲಿ 19ರಿಂದ 24 ತಿಂಗಳ 19 ಮಕ್ಕಳನ್ನು ಪರೀಕ್ಷಿಸಿದ ಬೇರೊಂದು ವರದಿಯಲ್ಲಿ 11 ಮಕ್ಕಳಿಗೆ ಸೆಳವಿನ ತೊಂದರೆಯಿತ್ತು. ಎಲ್ಲವೂ ಒಂದೇ ಏರುಗೆರೆಯ ಮೇಲೆ ಬಂದು ಕೂತವು. ಮೊದಲ ವರದಿ ತಪ್ಪು ಹೇಳಿರಲಿಲ್ಲ, ಬೇಗ ನೋಡಿತ್ತು ಅಷ್ಟೆ.

ಈ ಮಕ್ಕಳಲ್ಲಿ ಮೇಲುಗೈ ಪಡೆದ ಸೆಳವಿನ ಸ್ವಭಾವವೂ ಇದನ್ನೇ ಹೇಳುತ್ತದೆ. ಕೂಸು ತಟ್ಟನೆ ಮುಂದಕ್ಕೆ ಮುದುಡುತ್ತದೆ, ತೋಳು ಚಾಚುತ್ತದೆ, ಕ್ಷಣದಲ್ಲಿ ಬಿಡುತ್ತದೆ, ಮತ್ತೆ ಮುದುಡುತ್ತದೆ. ಹೆಚ್ಚಾಗಿ ನಿದ್ದೆಯಿಂದ ಎದ್ದ ಹೊತ್ತಿನಲ್ಲಿ, ಸಾಲುಸಾಲಾಗಿ. ಮನೆಯವರು ಬೆಚ್ಚಿಬಿದ್ದಿತು ಎಂದೋ ಹೊಟ್ಟೆನೋವು ಎಂದೋ ತಿಳಿಯುವುದು ಸುಲಭ. 1841ರಲ್ಲಿ ಪತ್ರವೊಂದರಲ್ಲಿ ಇದನ್ನು ಮೊದಲು ವಿವರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ವೆಸ್ಟ್ ನೋಡಿದ್ದು ಸ್ವಂತ ಮಗನನ್ನು. ಅವನಿಗೆ ಆರಂಭವಾದದ್ದು ನಾಲ್ಕು ತಿಂಗಳಿಗೆ. ಝಿಕಾ ಯಾರ ಕಿವಿಗಾದರೂ ಬೀಳುವುದಕ್ಕೆ ಒಂದು ಶತಮಾನ ಮೊದಲಿನ ಈ ಪತ್ರ ನನ್ನ ಏರುಗೆರೆಗೆ ಸಾಕ್ಷಿ ನುಡಿದದ್ದು ವಿಚಿತ್ರ ಸಂತೋಷ ಕೊಟ್ಟಿತು.

ಇನ್ನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪಟ್ಟಿ. ಇಂಥ ಸೆಳವಿನ ಮಕ್ಕಳ ಪಟ್ಟಿಯಲ್ಲಿ ಅಲೆಗಳು ದೊಡ್ಡದಾಗಿ, ಯಾವ ತಾಳವೂ ಇಲ್ಲದೆ, ನಡುನಡುವೆ ಚೂಪು ಮೊನೆಗಳೊಂದಿಗೆ ಹರಿಯುತ್ತವೆ. ಇಇಜಿ ತಜ್ಞರಾದ ಗಿಬ್ಸ್ ದಂಪತಿ 1952ರಲ್ಲಿ ಇದಕ್ಕೆ ಹಿಪ್ಸರಿದ್ಮಿಯಾ ಎಂದು ಹೆಸರಿಟ್ಟರು. ನಿದ್ದೆಯಲ್ಲಿ ಇದು ಹೆಚ್ಚು ಸ್ಪಷ್ಟ, ಆದ್ದರಿಂದ ಕೂಸನ್ನು ಮಲಗಿಸಿಯೇ ಪಟ್ಟಿ ತೆಗೆಯುವುದು. ಝಿಕಾ ಮಕ್ಕಳಲ್ಲಿ ಅಪಸ್ಮಾರವೆಂದು ಇನ್ನೂ ಗುರುತಿಸದವರ ಇಇಜಿಯೂ ಕೆಟ್ಟಿರಬಹುದೆಂದು ರೆಸಿಫೆಯ ತಜ್ಞರು ಕಂಡರು. ಇಲ್ಲಿ ಅವಸರ ಸಲ್ಲದು. ಕೆಟ್ಟ ಪಟ್ಟಿ ಎಂದರೆ ಅಪಸ್ಮಾರವೆಂದೇ ಅಲ್ಲ, ಅದು ಸೆಳವಿನ ಸಾಧ್ಯತೆಯನ್ನು ಸೂಚಿಸುತ್ತದೆ. ಕೂಸಿನ ಚಲನೆಯನ್ನು ಕಂಡವರ ಮಾತು, ಪಟ್ಟಿಯ ಅಲೆ, ಎರಡೂ ಒಟ್ಟಿಗೆ ಬೇಕು.

ಹಾಗಾದರೆ ಶೇ. 67 ಯಾರ ಅಂಕಿ? ಗರ್ಭದಲ್ಲಿ ಸೋಂಕು ತಗುಲಿದ ಎಲ್ಲ ಕೂಸುಗಳದ್ದಲ್ಲ, ಮಿದುಳಿಗೆ ಹಾನಿಯಾಗಿದೆಯೆಂದು ಗೊತ್ತಾಗಿ ನರತಜ್ಞರ ಬಳಿ ಬಂದವರದ್ದು. ಗೊತ್ತಾಗುವುದು ಟೇಪಿನಿಂದಲೇ ಎಂದುಕೊಂಡರೆ ಅದೂ ಸಾಲದು. 2016ರ ಡಿಸೆಂಬರ್‌ನ ಇನ್ನೊಂದು ವರದಿಯಲ್ಲಿ ಪೆರ್ನಂಬುಕೊ ಮತ್ತು ಸಿಯಾರಾ ರಾಜ್ಯಗಳ 13 ಮಕ್ಕಳಿದ್ದಾರೆ. ಹುಟ್ಟಿದಾಗ ಅವರೆಲ್ಲರ ತಲೆಯ ಅಳತೆ ಸಾಮಾನ್ಯವಾಗಿಯೇ ಇತ್ತು. ಸ್ಕ್ಯಾನ್‌ನಲ್ಲಿ ಮಾತ್ರ ಮಿದುಳಿನ ಹಾನಿ ಕಂಡಿತು. ಆಮೇಲೆ ತಲೆಯ ಬೆಳವಣಿಗೆ ನಿಧಾನವಾಗಿ 11 ಮಕ್ಕಳಿಗೆ ಮೈಕ್ರೋಸೆಫಲಿ ಆಯಿತು. ಹೆರಿಗೆ ಕೋಣೆಯ ಟೇಪನ್ನೇ ನಂಬಿ ಮಾಡಿದ ಯಾವ ಪಟ್ಟಿಯಲ್ಲೂ ಇವರಿಗೆ ಜಾಗವಿಲ್ಲ.