ಬಾಯಿಯ ಜಪ, ಕಿವಿಯ ಜಪ: ಕೊಂಗುನಾಡಿನ ಮಂತ್ರಯೋಗದ ಹಾದಿ

ಕೊಯಮತ್ತೂರಿನ ಆರೋಗ್ಯ ಮೇಳವೊಂದರಲ್ಲಿ ಈಚೆಗೆ ನನ್ನ ಕೈಗೆ ಒಂದು ಸ್ಮರಣ ಸಂಚಿಕೆ ಬಂತು. ಮಂತ್ರ ಮತ್ತು ಚಿಕಿತ್ಸೆಗೆಂದು ಅದರಲ್ಲಿ ಹಲವು ಪುಟ ಮೀಸಲಿಟ್ಟಿದ್ದರು. ಹೃಷೀಕೇಶದಲ್ಲಿ ಶುರುವಾದ ಲೇಖನ ಒಂದೇ ನೆಗೆತಕ್ಕೆ ಕ್ಯಾಲಿಫೋರ್ನಿಯಾ ಸೇರಿ, ಕೊನೆಗೆ ಮೊಬೈಲ್ ಆ್ಯಪ್‌ಗಳ ಹೆಸರು ಹೇಳಿ ಮುಗಿದಿತ್ತು. ಇಷ್ಟು ಹರ್ಟ್ಸ್‌ನ ಧ್ವನಿ ಕೇಳಿದರೆ ಇಂಥ ಕಾಯಿಲೆ ವಾಸಿ ಎಂಬ ಪಟ್ಟಿಯೂ ಜೊತೆಗಿತ್ತು. ಮೇಳ ನಡೆದ ಜಾಗದಿಂದ ಏಳೆಂಟು ಕಿಲೋಮೀಟರಿನಲ್ಲಿರುವ ಪೇರೂರಿನ ಹೆಸರು ಎಲ್ಲೂ ಇಲ್ಲ. ತಿರುಪ್ಪೂರಿನ ಹೆಸರೂ ಇಲ್ಲ. ಮೈಸೂರಿನಿಂದ ಬಂದು ಮೂವತ್ತು ವರ್ಷಗಳಿಂದ ಇದೇ ಕೊಂಗು ಸೀಮೆಯಲ್ಲಿ ಯೋಗವನ್ನೂ ಮಂತ್ರಪಠಣವನ್ನೂ ಕಲಿಸುತ್ತಿರುವ ನನಗೆ ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಮಂತ್ರವನ್ನು ಯೋಗದ ಅಂಗವಾಗಿ ಕಂಡವರಲ್ಲಿ ಪತಂಜಲಿಯ ಮಾತು ಎಲ್ಲರಿಗೂ ಗೊತ್ತಿರುವುದೇ. ಪ್ರಣವವನ್ನು ಜಪಿಸಬೇಕು, ಅದರ ಅರ್ಥವನ್ನು ಮನಸ್ಸಿನಲ್ಲಿ ಭಾವಿಸಬೇಕು ಎಂದು ಅವನು ಹೇಳುತ್ತಾನೆ. ಅದಕ್ಕೆ ಹೊಂದಿಕೊಂಡು ಬರುವ ಸೂತ್ರವನ್ನು ಮಾತ್ರ ಜನ ಅಷ್ಟಾಗಿ ಗಮನಿಸುವುದಿಲ್ಲ. ಜಪದ ಫಲ ಎರಡು ಎನ್ನುತ್ತದೆ ಅದು: ಚೇತನ ಒಳಮುಖವಾಗುವುದು ಮತ್ತು ಅಂತರಾಯಗಳು ಕಳೆಯುವುದು. ಅಂತರಾಯಗಳ ಪಟ್ಟಿಯಲ್ಲಿ ಮೊದಲ ಹೆಸರೇ ವ್ಯಾಧಿ. ಆತ್ಮಾವಲೋಕನ ಮತ್ತು ಆರೋಗ್ಯ ಎಂದು ನಾವಿಂದು ಎರಡು ಕಡೆ ಬೋರ್ಡು ಹಾಕಿ ಕಲಿಸುವ ವಿಷಯ ಅಲ್ಲಿ ಒಂದೇ ಸಾಲಿನಲ್ಲಿದೆ.

ಕೊಂಗುನಾಡಿನ ಹಳೆಯ ಕಾಲವನ್ನು ಬೇಗ ದಾಟುತ್ತೇನೆ. ಮರುದಮಲೆಯಲ್ಲಿ ಪಾಂಬಾಟ್ಟಿ ಸಿದ್ಧರ ಗವಿ ಇದೆ. ಕಾಂಗೇಯದ ಹತ್ತಿರದ ಊದಿಯೂರಿನಲ್ಲಿ ಕೊಂಗಣರು ತಪಸ್ಸು ಮಾಡಿದರೆಂಬ ನಂಬಿಕೆ ಇದೆ. ತಮಿಳು ಸಿದ್ಧರು ಪಂಚಾಕ್ಷರಿಯನ್ನು ದೇಹದೊಳಗೆ ಹುಡುಕಿದವರು; ಅವರಲ್ಲಿ ಶಿವವಾಕ್ಕಿಯರು ಬರೀ ತುಟಿಯಾಡಿಸುವ ಮಂತ್ರವನ್ನು ಕಟುವಾಗಿ ಟೀಕಿಸಿದ್ದಾರೆ. ಅವಿನಾಶಿಯಲ್ಲಿ ಶೈವ ಸಂತ ಸುಂದರರು ಪದಿಗವೆಂಬ ಸ್ತುತಿ ಹಾಡಿ, ಮೊಸಳೆ ನುಂಗಿದ್ದ ಬಾಲಕನನ್ನು ಮರಳಿ ಪಡೆದರೆಂಬ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಅಲ್ಲಿಗೆ ಹತ್ತಿರದ ತಿರುಮುರುಗನ್‌ಪೂಂಡಿಗೆ ಮನೋರೋಗಿಗಳನ್ನು ಕರೆತಂದು, ಒಂದು ಮಂಡಲ ಕಾಲ ಇರಿಸಿ, ತೀರ್ಥಸ್ನಾನ ಮಾಡಿಸಿ, ದೇವರ ಸನ್ನಿಧಿಯಲ್ಲಿ ಕೂರಿಸುವ ವಾಡಿಕೆ ಬಹಳ ಹಿಂದಿನದು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ಪೇರೂರಿನಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಕನ್ನಡಿಗರಾಗಿ ನಾವು ನಿಲ್ಲಲೇಬೇಕು. ಅಲ್ಲಿನ ಶಾಂತಲಿಂಗ ಸ್ವಾಮಿಗಳ ಮಠ ವೀರಶೈವ ಪರಂಪರೆಯದು. ಅವರ ಪತ್ನಿಯ ಅಣ್ಣ ಶಿವಪ್ರಕಾಶ ಸ್ವಾಮಿಗಳು ನಮ್ಮ ಚಾಮರಸನ ಪ್ರಭುಲಿಂಗಲೀಲೆಯನ್ನು ತಮಿಳಿಗೆ ತಂದವರು. ಕನ್ನಡ ಸೀಮೆಯಲ್ಲಿ ರಾಜ್ಯ ಬಿಟ್ಟು ಬಂದ ಕುಮಾರದೇವರು ಶಾಂತಲಿಂಗರ ಶಿಷ್ಯರಾದರೆಂದು ಮಠದ ಪರಂಪರೆ ಹೇಳುತ್ತದೆ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿ ಪಂಚಾಕ್ಷರಿ ಜಪಿಸುವ ಪದ್ಧತಿ ಈ ನೆಲಕ್ಕೆ ಹೊಸದೇನಲ್ಲ. ನೋಟ, ಉಸಿರು, ನಾಲಿಗೆ ಮೂರನ್ನೂ ಒಂದೇ ಕೆಲಸಕ್ಕೆ ಹೂಡುವ ಇಷ್ಟು ಪೂರ್ಣವಾದ ಸಾಧನೆಯ ಬಗ್ಗೆ ಯೋಗ ಶಿಕ್ಷಕರ ತರಬೇತಿಗಳಲ್ಲಿ ಒಂದು ಮಾತೂ ಬರುವುದಿಲ್ಲ. ಈಚಿನ ದಶಕಗಳಲ್ಲಿ ಇದೇ ಮಠದ ಶಾಂತಲಿಂಗ ರಾಮಸಾಮಿ ಅಡಿಗಳು ದೇವಾಲಯದ ಮಂತ್ರ ತಮಿಳಿನಲ್ಲೂ ಇರಬೇಕೆಂದು ದುಡಿದರು. ಹೇಳುವವನಿಗೆ ಅರ್ಥ ತಿಳಿದಿರಬೇಕು ಎಂಬ ಪತಂಜಲಿಯ ಮಾತಿಗೆ ಈ ದುಡಿಮೆ ಹತ್ತಿರದ್ದೆಂದೇ ನಾನು ತಿಳಿದಿದ್ದೇನೆ.

ಇನ್ನೊಂದು ಎಳೆ ನೇಕಾರರದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗರು ತಲೆತಲಾಂತರದಿಂದ ಇದ್ದಾರೆ. ಹೊರಗಿನವರಿಗೆ ಗೊತ್ತಿರುವುದು ಎದೆಗೆ ಕತ್ತಿ ಬಡಿದುಕೊಳ್ಳುತ್ತಾ ಚೌಡೇಶ್ವರಿಯನ್ನು ಕರೆಯುವ ಅವರ ಉತ್ಸವ. ಪತ್ರಿಕೆಗಳಲ್ಲಿ ಫೋಟೊ ಬರುವುದೂ ಅದರದ್ದೇ. ಅವರು ಜನಿವಾರ ಹಾಕುವವರು, ಗಾಯತ್ರಿ ಜಪಿಸುವವರು ಎಂಬುದು ಅಷ್ಟಾಗಿ ಯಾರಿಗೂ ತಿಳಿಯದು. ಹಂಪಿಯ ಹೇಮಕೂಟದಲ್ಲಿರುವ ಅವರ ಪೀಠದ ಹೆಸರೇ ಗಾಯತ್ರಿ ಪೀಠ.

ಹತ್ತು ಹನ್ನೆರಡು ವರ್ಷದ ಹಿಂದೆ ಸಿರುಮುಗೈಯ ಒಂದು ಮನೆಯಲ್ಲಿ ಬೆಳಗಿನ ಜಾವ ಕುಳಿತಿದ್ದೆ. ಎಂಬತ್ತರ ಗಡಿಯಲ್ಲಿದ್ದ ಅಜ್ಜ ಮಗ್ಗದ ಕುಣಿಗೆ ಇಳಿಯುವ ಮೊದಲು ಮಣೆ ಹಾಕಿಕೊಂಡು ಕೂತರು. ಬಲಗೈಯನ್ನು ವಲ್ಲಿಯೊಳಗೆ ಮುಚ್ಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಹೋದರು. ತುಟಿ ಆಡುತ್ತಿತ್ತು, ಸದ್ದಿಲ್ಲ. ನಾವು ಉಪಾಂಶು ಎನ್ನುವ ಜಪ. ನಾನು ಗಡಿಯಾರ ನೋಡಿದೆ. ನಿಮಿಷಕ್ಕೆ ಆರೇಳು ಸಲ, ಒಂದು ಮಂತ್ರಕ್ಕೆ ಒಂದು ಉಸಿರು. ನೂರೆಂಟು ಮುಗಿಯಲು ಹದಿನೇಳು ನಿಮಿಷ ಹಿಡಿಯಿತು. ಮುಗಿದ ಮೇಲೆ, ನಡುವೆ ಮನಸ್ಸು ಆಚೆ ಹೋದರೆ ಏನು ಮಾಡುತ್ತೀರಿ ಅಜ್ಜ ಎಂದು ಕೇಳಿದೆ. "ಎಳೆ ಕಡಿದಂಗೆ ಗೊತ್ತಾಗ್ತದೆ ಮೇಷ್ಟ್ರೇ. ನಿಲ್ಸದು, ಗಂಟು ಹಾಕದು, ಮುಂದಕ್ಕೆ ಹೋಗದು" ಎಂದು ಹೇಳಿ ಕುಣಿಗಿಳಿದರು. ಲಾಳಿ ಓಡತೊಡಗಿತು. ನಾನು ಪುಸ್ತಕಗಳಲ್ಲಿ ಓದಿದ್ದಕ್ಕಿಂತ ತಿಳಿಯಾಗಿ ಅಂದು ಜಪ ನನಗೆ ಅರ್ಥವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಮಂತ್ರವನ್ನು ಚಿಕಿತ್ಸೆಯ ಶಿಸ್ತಿಗೆ ತಂದದ್ದು ಕೃಷ್ಣಮಾಚಾರ್ಯರ ಶಾಲೆ ಎಂಬುದು ನನ್ನ ನಿಲುವು. ನಾನು ಕಲಿತದ್ದು ಅದೇ ಶಾಲೆಯವರ ಬಳಿ, ಆ ಪಕ್ಷಪಾತವನ್ನು ಬಚ್ಚಿಡುವುದಿಲ್ಲ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು, 1934ರಲ್ಲಿ ಯೋಗ ಮಕರಂದವನ್ನು ಕನ್ನಡದಲ್ಲೇ ಬರೆದರು, ಆಮೇಲೆ ಮದ್ರಾಸಿಗೆ ಹೋದರು. ಲೋಕ ಅವರನ್ನು ಆಸನಗಳಿಗಾಗಿ ನೆನೆಯುತ್ತದೆ. ಅವರ ಕೊನೆಯ ದಶಕಗಳ ಕೆಲಸದ ತಿರುಳು ಮಂತ್ರವೇ. ಹೆಂಗಸರಿಗೆ ವೇದಪಠಣ ಕಲಿಸಬಾರದೆಂದು ಬಹುಪಾಲು ಪಂಡಿತರು ಹೇಳುತ್ತಿದ್ದ ಕಾಲದಲ್ಲಿ ಅವರು ಕಲಿಸಿದರು. ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಕಟ್ಟಿ, ಈ ವಿದ್ಯೆಯನ್ನು ರೋಗಿಯ ಹಾಸಿಗೆಯ ಪಕ್ಕಕ್ಕೆ ಒಯ್ದರು.

ಆ ಶಾಲೆಯ ಕ್ರಮ ಹೇಳಲು ಸರಳ, ಮಾಡಲು ಕಷ್ಟ. ಗುರು ಒಮ್ಮೆ ಹೇಳುತ್ತಾನೆ, ಶಿಷ್ಯ ಎರಡು ಸಲ ಹೇಳುತ್ತಾನೆ. ಇದೇ ಸಂಥೆ. ತೈತ್ತಿರೀಯದ ಶೀಕ್ಷಾವಲ್ಲಿ ಪಟ್ಟಿ ಮಾಡುವ ಆರು ಅಂಶಗಳು, ಅಂದರೆ ವರ್ಣ, ಸ್ವರ, ಮಾತ್ರಾ, ಬಲ, ಸಾಮ, ಸಂತಾನ, ಇವೇ ಅಳತೆಗೋಲು. ಹೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕಾದರೆ ಮೊದಲು ಪೂರ್ತಿಯಾಗಿ ಕೇಳಬೇಕು. ಕೇಳುವಾಗ ತನ್ನ ಗಡಿಬಿಡಿ ತನಗೇ ಕಾಣುತ್ತದೆ. ಆಸನದ ಜೊತೆಯಲ್ಲೂ ಮಂತ್ರ ಬರುತ್ತದೆ: ಕೈ ಎತ್ತುತ್ತಾ ಉಸಿರು ತೆಗೆದುಕೊಂಡು, ಇಳಿಸುತ್ತಾ ಒಂದು ಪದ ಹೇಳುವುದು. ಯಾವ ಪದ ಎಂಬುದು ಆ ವ್ಯಕ್ತಿಯ ನಂಬಿಕೆ, ವಯಸ್ಸು, ಕಾಯಿಲೆ ನೋಡಿ ನಿರ್ಧಾರವಾಗುವ ವಿಷಯ. ಓಂಕಾರ ಒಲ್ಲದವರಿಗೆ ದೇಶಿಕಾಚಾರ್ ಓಂಕಾರ ಹೇರಲಿಲ್ಲ.

ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಓವರ್‌ಲಾಕ್ ಯಂತ್ರ ನಡೆಸುವ ಹೆಣ್ಣುಮಗಳೊಬ್ಬಳು ನನ್ನ ಬಳಿ ಬಂದಳು. ರಾತ್ರಿ ಎದೆ ಗೊರಗೊರ, ನಿದ್ದೆ ಇಲ್ಲ. ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಬಾರದೆಂದು ಮೊದಲೇ ಹೇಳಿದೆ. ಅವಳಿಗೆ ಹತ್ತಿರವಾದ ಹೆಸರು ಮುರುಗ, ಅದನ್ನೇ ಇಟ್ಟುಕೊಂಡೆವು. ಮೊದಲ ದಿನ ಹೊರಡುವ ಉಸಿರಿನಲ್ಲಿ ಐದು ಸೆಕೆಂಡ್ ಎಳೆಯುವಷ್ಟರಲ್ಲಿ ಸಾಕಾಯಿತು. ಮೂರು ತಿಂಗಳಿಗೆ ಹನ್ನೆರಡಕ್ಕೆ ಬಂತು, ರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು. ಅದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಅವಳಾಡಿದ ಒಂದು ಮಾತು: "ಸೂಪರ್‌ವೈಸರ್ ಹಿಂದೆ ಬಂದು ನಿಂತಾಗೆಲ್ಲ ನಾನು ಉಸಿರು ಕಟ್ಟಿಕೊಂಡು ಹೊಲೀತೀನಿ ಅಣ್ಣಾ. ಇಷ್ಟು ವರ್ಷ ಗೊತ್ತೇ ಇರಲಿಲ್ಲ."

ನನ್ನ ತಲೆಮಾರಿನಲ್ಲಿ ಈ ಸೀಮೆಗೆ ಮೂರು ದೊಡ್ಡ ಕೇಂದ್ರಗಳು ಬಂದವು. ಆಳಿಯಾರಿನಲ್ಲಿ ವೇದಾತ್ರಿ ಮಹರ್ಷಿಗಳ ಅರಿವಿನ ಮಂದಿರ ಎದ್ದಿತು. 1911ರಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿ, ಸ್ವತಃ ಮಗ್ಗದಲ್ಲಿ ಕೂತವರು ಅವರು. ಎಲ್ಲರೂ ಚೆನ್ನಾಗಿ ಬಾಳಲಿ ಎಂಬ ತಮಿಳು ಹರಕೆಯನ್ನೇ ದಿನನಿತ್ಯದ ಮಂತ್ರ ಮಾಡಿ, ಪೊಳ್ಳಾಚಿಯ ರೈತನ ಬಾಯಲ್ಲೂ ಕೂರಿಸಿದರು. ಸಂಸ್ಕೃತ ಬಾರದವನಿಗೆ ಬಾಗಿಲು ತೆರೆದ ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕೇರಳದ ಗಡಿಯ ಆನೈಕಟ್ಟಿಯಲ್ಲಿ 1990ರಲ್ಲಿ ಸ್ವಾಮಿ ದಯಾನಂದ ಸರಸ್ವತಿಯವರ ಆರ್ಷ ವಿದ್ಯಾ ಗುರುಕುಲ ಶುರುವಾಯಿತು. ಜಪದಲ್ಲಿ ಮುಂದಿನ ಪದ ಯಾವುದೆಂದು ಮೊದಲೇ ಗೊತ್ತು, ಆದ್ದರಿಂದ ಬೇರೆ ಯೋಚನೆ ನುಸುಳಿದ ಕೂಡಲೇ ಗೊತ್ತಾಗುತ್ತದೆ ಎಂದು ಅವರು ವಿವರಿಸುತ್ತಿದ್ದರು. ಸಿರುಮುಗೈಯ ಅಜ್ಜ ಎಳೆ ಕಡಿದಂಗೆ ಎಂದದ್ದೂ ಇದನ್ನೇ.

ಮೂರನೆಯದು ವೆಳ್ಳಿಯಂಗಿರಿಯ ತಪ್ಪಲಿನ ಈಶಾ. ಮೈಸೂರಿನಲ್ಲಿ ಹುಟ್ಟಿ, ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳಿಂದ ಯೋಗ ಕಲಿತ ಜಗ್ಗಿ ವಾಸುದೇವ್ ಅವರು 1992ರಲ್ಲಿ ಸ್ಥಾಪಿಸಿದ ಸಂಸ್ಥೆ. 1999ರಲ್ಲಿ ಪ್ರತಿಷ್ಠೆಯಾದ ಧ್ಯಾನಲಿಂಗದ ಮುಂದೆ ದಿನಕ್ಕೆ ಎರಡು ಹೊತ್ತು ನಾದ ಆರಾಧನೆ ನಡೆಯುತ್ತದೆ. ಮಂತ್ರವೆಂದರೆ ಮುದುಕರ ಕೆಲಸ ಎಂದುಕೊಂಡಿದ್ದ ಹುಡುಗರನ್ನು ಅಲ್ಲಿ ಕೂರಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಈಶಾದ ಮಂತ್ರಪಠಣಗಳು ಇಂದು ಹೆಚ್ಚಾಗಿ ತಲುಪುತ್ತಿರುವುದು ಧ್ವನಿಮುದ್ರಣದ ಮೂಲಕ, ಕಿವಿಗೆ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ಹೆಸರನ್ನು ಕೊಯಮತ್ತೂರಿನಲ್ಲಿ ಕೇಳಿದವರು ಬಹಳ ಕಡಿಮೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಪ್ರಯೋಗಾಲಯಗಳು ಈ ಕಡೆ ತಿರುಗಿದ್ದು ತಡವಾಗಿ. ಬೆಂಗಳೂರಿನಲ್ಲಿ ಶರ್ಲಿ ಟೆಲ್ಲಿಸ್, ನಾಗರತ್ನ, ನಾಗೇಂದ್ರ ಅವರು 1990ರ ದಶಕದಲ್ಲಿ ಓಂಕಾರದ ಮಾನಸ ಜಪ ನಡೆಯುವಾಗ ಹೃದಯ, ಉಸಿರು, ಚರ್ಮದಲ್ಲಾಗುವ ಬದಲಾವಣೆಗಳನ್ನು ಅಳೆದರು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಗೆ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಒಂದು ಬೌದ್ಧ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ರಕ್ತದೊತ್ತಡವನ್ನು ಹದದಲ್ಲಿಡುವ ಪ್ರತಿವರ್ತನೆ ಚುರುಕಾಯಿತು. ಮರುವರ್ಷ ಸ್ವೀಡನ್ನಿನ ಸಂಶೋಧಕರು, ಬಾಯಿ ಮುಚ್ಚಿ ಗುಂಯ್‌ಗುಟ್ಟಿದಾಗ ಮೂಗಿನ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ 15 ಪಟ್ಟು ಏರುವುದನ್ನು ಕಂಡರು. 2011ರಲ್ಲಿ ನಿಮ್ಹಾನ್ಸ್ ತಂಡ 12 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿತು. ಓಂ ಎಂದಾಗ ಭಾವನೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು, ಬರೀ ಸ್ಸ್ ಎಂದಾಗ ಹಾಗಾಗಲಿಲ್ಲ.

ಇವೆಲ್ಲ ಸಣ್ಣ ಪ್ರಯೋಗಗಳು. ಇವುಗಳಿಂದ ಕಾಯಿಲೆ ವಾಸಿಯಾಗುತ್ತದೆಂದು ಸಾರುವುದು ತಪ್ಪು. ಒಂದನ್ನು ಮಾತ್ರ ಗಮನಿಸಿ: ಇವೆಲ್ಲದರಲ್ಲೂ ಜಪಿಸಿದವರು, ಗುಂಯ್‌ಗುಟ್ಟಿದವರು ಪ್ರಯೋಗಕ್ಕೆ ಒಳಗಾದವರೇ. ಯಾರೂ ಸುಮ್ಮನೆ ಕೇಳಿಸಿಕೊಂಡು ಕೂರಲಿಲ್ಲ. ಬದಲಾದದ್ದು ಅವರ ಉಸಿರು, ಗುಂಯ್‌ಗುಟ್ಟಿದ್ದು ಅವರ ಮೂಗು. ಸ್ಪೀಕರಿನಿಂದ ಬಂದ ಸದ್ದು ಎಷ್ಟು ಹರ್ಟ್ಸ್ ಇದ್ದರೂ ನನ್ನ ಉಸಿರನ್ನು ಹನ್ನೆರಡು ಸೆಕೆಂಡಿಗೆ ಎಳೆಯಲಾರದು. ವೇದದ ಉದಾತ್ತ, ಅನುದಾತ್ತ, ಸ್ವರಿತಗಳಿಗೂ ಗೊತ್ತಾದ ಶ್ರುತಿ ಇಲ್ಲ. ಒಂದಕ್ಕಿಂತ ಒಂದು ಏರು, ಇಳಿವು, ಅಷ್ಟೆ. ಹೇಳುವವನ ಕಂಠಕ್ಕೆ ಒಗ್ಗಿದ್ದೇ ಶ್ರುತಿ. ಕಂಪನಾಂಕದ ಪಟ್ಟಿ ಮಾಡಿದವರು ಒಂದು ದಿನವಾದರೂ ಸಂಥೆಗೆ ಕೂತಿದ್ದರೆ ಅದನ್ನು ಬರೆಯುತ್ತಿರಲಿಲ್ಲ.

ಕೊಂಗುನಾಡಿನ ಮನೆಮನೆಯಲ್ಲಿ ಕೇಳುವ ಕಂದ ಷಷ್ಠಿ ಕವಚವನ್ನೇ ನೋಡಿ. ನೆತ್ತಿಯಿಂದ ಪಾದದವರೆಗೆ ಒಂದೊಂದು ಅಂಗವನ್ನೂ ಹೆಸರಿಸಿ ಕಾಯಿ ಎಂದು ಬೇಡುವ ಸ್ತೋತ್ರ ಅದು. ಬಾಯಿಯಲ್ಲಿ ಹೇಳಿಕೊಂಡವರ ಗಮನ ತಾನಾಗಿ ಮೈಯೆಲ್ಲ ಸುತ್ತಿ ಬರುತ್ತದೆ. ಸೂಲಮಂಗಲಂ ಸೋದರಿಯರ ಧ್ವನಿಯಲ್ಲಿ ಅದು ಬೆಳಿಗ್ಗೆ ಮೊಳಗುವುದು ನನಗೂ ಇಷ್ಟ. ಆದರೆ ಕವಚ ಮೊಳಗುತ್ತಿರುವಾಗ ಮನೆಯವರು ಡಬ್ಬಿ ಕಟ್ಟುತ್ತಾ ಬಸ್ಸಿನ ಹೊತ್ತನ್ನು ನೆನೆಯುತ್ತಿರುತ್ತಾರೆ. ಅಜ್ಜಿಯ ಬಾಯಲ್ಲಿದ್ದದ್ದು ಮೊಮ್ಮಗಳ ಕಿವಿಗೆ ಬಂದು ನಿಂತಿದೆ.

ಈಗ ತಿರುಮುರುಗನ್‌ಪೂಂಡಿಯ ಮಾತು. 2001ರ ಆಗಸ್ಟ್ 6ರಂದು, ತಮಿಳುನಾಡಿನ ಅಂಥದ್ದೇ ಇನ್ನೊಂದು ನಂಬಿಕೆಯ ತಾಣವಾದ ಏರ್ವಾಡಿಯಲ್ಲಿ ಸರಪಣಿ ಬಿಗಿದಿದ್ದ 28 ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಆಮೇಲೆ ಇಂಥ ತಾಣಗಳನ್ನೆಲ್ಲ ಅನುಮಾನದಿಂದ ನೋಡುವುದು ಸಹಜವೇ ಆಯಿತು. ಸರಪಣಿಗೆ ಯಾವ ಸಮರ್ಥನೆಯೂ ಇಲ್ಲ. ಮರುವರ್ಷವೇ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ರೋಗಲಕ್ಷಣಗಳ ಅಳತೆ ಶೇಕಡ 20ರಷ್ಟು ಇಳಿದಿತ್ತು. ವಿಶೇಷವಾದ ಯಾವುದೋ ವಿಧಿಗಿಂತ, ಹೆದರಿಕೆಯಿಲ್ಲದೆ ಆಸರೆಯಲ್ಲಿ ಇರಲು ಸಿಕ್ಕಿದ್ದೇ ಕಾರಣವಿರಬೇಕೆಂದು ಅವರು ಪ್ರಾಮಾಣಿಕವಾಗಿ ಬರೆದರು. ಅಲ್ಲಿ ಕೂತವರು ತಾವೇ ಏನನ್ನಾದರೂ ಹೇಳಿಕೊಳ್ಳುತ್ತಿದ್ದರೇ, ಎಷ್ಟು ಹೊತ್ತು, ಯಾವ ಉಸಿರಿನಲ್ಲಿ ಎಂದು ಪೂಂಡಿಯಲ್ಲಿ ಯಾರಾದರೂ ಕೇಳಬಹುದಿತ್ತು.

ಕೇಳಬೇಕಾದ ಜಾಗ ಇನ್ನೊಂದಿದೆ, ಅದು ನಮ್ಮ ಭಾಷೆಯವರದೇ. ನೂಲಹುಣ್ಣಿಮೆಗೆ ದೇವಾಂಗರು ಜನಿವಾರ ಬದಲಿಸುತ್ತಾರೆ, ಮಾರನೆಯ ದಿನ ಗಾಯತ್ರಿ ಜಪಕ್ಕೆ ಕೂರುತ್ತಾರೆ. ದಿನವೂ ಕೂರುವ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಿರುಮುಗೈಯ ಆ ಅಜ್ಜ ಈಗಿಲ್ಲ. ಅವರ ಮಗ್ಗದ ಕುಣಿಯನ್ನು ಮುಚ್ಚಿ ನೆಲ ಮಾಡಿದ್ದಾರೆ. ಬೆಂಗಳೂರಿನ ಸಂಶೋಧಕರಿಗೂ ಮೈಸೂರು, ಹಂಪಿಯ ವಿಶ್ವವಿದ್ಯಾಲಯಗಳವರಿಗೂ ನನ್ನ ವಿನಂತಿ ಇಷ್ಟೆ: ಬರುವ ನೂಲಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಒಬ್ಬರಾದರೂ ಇಲ್ಲಿಗೆ ಬನ್ನಿ. ಉಪಕರಣ ಬೇಡ, ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು. ದುಭಾಷಿಯೂ ಬೇಡ, ಅವರು ನಿಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಾರೆ.