ಫ್ರಿಡ್ಜ್ ಬೆನ್ನ ಹಿಂದಿನ ಕಥೆ

ಇವತ್ತು ರಾಜಕೀಯ ಬೇಡ. ನಿಮ್ಮ ಅಡುಗೆಮನೆಯಲ್ಲಿ ಹಗಲೂ ರಾತ್ರಿ ಗುಂಯ್ ಅಂತ ನಿಂತಿರುವ ಫ್ರಿಡ್ಜ್ ಬಗ್ಗೆ ಮಾತಾಡೋಣ. ಅದು ಕೆಟ್ಟರೆ ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ? ಇದೇನು ದೊಡ್ಡ ಪ್ರಶ್ನೆ ಅಂತೀರಾ? ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಅದು ನನಗೆ ಗೊತ್ತಾಗಿದ್ದು ನಾನೇ ಪೆಚ್ಚಾದ ಮೇಲೆ.

2022ರ ಜುಲೈ. ‘ದುರಸ್ತಿಯ ಹಕ್ಕು’ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ರಚಿಸಿತ್ತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕರ ಮೇಲೆ ಅದರ ಕಣ್ಣು. ನಾನು ಸ್ಟುಡಿಯೋದಲ್ಲಿ ಅರ್ಧ ಗಂಟೆ ಗುಡುಗಿದೆ. ‘ಕೊಂಡ ವಸ್ತು ನಮ್ಮದು, ಅದನ್ನ ಬಿಚ್ಚಿ ನೋಡೋ ಹಕ್ಕೂ ನಮ್ಮದೇ’ ಅಂದೆ. ಅದಾಗಿ ವಾರಕ್ಕೇ ಹಾಸನದಿಂದ ಅಮ್ಮನ ಫೋನ್.

“ಫ್ರಿಡ್ಜ್ ತಣ್ಣಗಾಗ್ತಿಲ್ಲ ಕಣೋ. ನನ್ನ ಇನ್ಸುಲಿನ್ ಪಕ್ಕದ ಮನೇಲಿ ಇಟ್ಟಿದೀನಿ.”

ಸರ್ವಿಸ್ ಸೆಂಟರಿನ ಹುಡುಗ ಬಂದ. ಕಿವಿಗೊಟ್ಟು ಕೇಳಿದ, ಹಿಂಬದಿ ಬಿಚ್ಚಲೂ ಇಲ್ಲ. “ಕಂಪ್ರೆಸರ್ ಹೋಗಿದೆ, ಹೊಸದು ತಗೊಳಿ” ಅಂತ ಹೇಳಿ ಹೊರಟ. ನಾನೇನು ಮಾಡಿದೆ ಗೊತ್ತಾ? ಕಾರಲ್ಲಿ ಕೂತೇ ಮೊಬೈಲಲ್ಲಿ ಹೊಸ ಫ್ರಿಡ್ಜ್ ಬುಕ್ ಮಾಡಿದೆ, ಅದೂ ಕಂತಿನಲ್ಲಿ. ಟಿವಿಯಲ್ಲಿ ಹಕ್ಕು ಹಕ್ಕು ಅಂತ ಕೂಗಿದವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಅಮ್ಮ ಕೇಳಿದರು. “ಏನು ಕೆಟ್ಟಿದೆ ಅಂತಾನೇ ನೋಡ್ದೆ ಎಸೆಯೋದು ಹೆಂಗೋ? ನಿಮ್ಮಪ್ಪ ಪಿಎಫ್ ಸಾಲ ತೆಗೆದು ತಂದಿದ್ದು ಅದು.” ಬೀದಿ ಕೊನೆಯ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು. ಆತ ಫ್ರಿಡ್ಜನ್ನು ಗೋಡೆಯಿಂದ ಎಳೆದು, ಹಿಂಬದಿ ಬಿಚ್ಚಿ, ಮೀಟರ್ ಇಟ್ಟು ನೋಡಿದ. ಗುಂ ಅನ್ನುತ್ತಿತ್ತು, ಟಿಕ್ ಅಂತ ನಿಲ್ಲುತ್ತಿತ್ತು. “ಕಂಪ್ರೆಸರ್ ಗಟ್ಟಿಯಾಗಿದೆ ಸಾರ್, ರಿಲೇ ಸುಟ್ಟಿದೆ ಅಷ್ಟೆ” ಅಂದ. ಕಂಪ್ರೆಸರ್ ಹೊರಡುವಾಗ ಮೊದಲ ನೂಕು ಕೊಡುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಮಾನು ಅದು. 300 ರೂಪಾಯಿ, ಅರ್ಧ ಗಂಟೆಯ ಕೆಲಸ. ನಾನು ಬುಕಿಂಗ್ ಕ್ಯಾನ್ಸಲ್ ಮಾಡಿದೆ.

ಅಪ್ಪ ಅದನ್ನು ತಂದಿದ್ದು 1989ರಲ್ಲಿ. ಆ ಕಾಲ ನೆನಪಿದೆಯಾ? ಫ್ರಿಡ್ಜ್ ಇರುತ್ತಿದ್ದುದು ಅಡುಗೆಮನೆಯಲ್ಲಲ್ಲ, ನಾಲ್ಕು ಜನಕ್ಕೆ ಕಾಣುವ ಹಾಗೆ ಹಾಲ್‌ನಲ್ಲಿ. ತಲೆಯ ಮೇಲೆ ಕಸೂತಿ ಬಟ್ಟೆ, ಬಾಗಿಲಿಗೆ ಬೀಗ. ಬೇಸಿಗೆಯಲ್ಲಿ ಪಕ್ಕದ ಮನೆ ಮಕ್ಕಳು ಲೋಟ ಹಿಡಿದು ಐಸ್‌ಗೆ ಬರೋರು.

ನಮ್ಮ ದೇಶದಲ್ಲಿ ಗೋದ್ರೇಜ್ ಕಂಪನಿ ಮನೆಬಳಕೆಯ ಫ್ರಿಡ್ಜ್ ತಯಾರಿಸಿದ್ದು 1958ರಲ್ಲಿ. ಅಷ್ಟೊತ್ತಿಗೆ 1951ರ ಕೈಗಾರಿಕಾ ಕಾಯ್ದೆ ಬಂದಿತ್ತು. ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು ಅನ್ನೋದಕ್ಕೆಲ್ಲ ಸರ್ಕಾರದ ಲೈಸೆನ್ಸ್. ಸರ್ಕಾರದ ಲೆಕ್ಕದಲ್ಲಿ ಫ್ರಿಡ್ಜ್ ಅಂದರೆ ಐಷಾರಾಮಿ, ಹಾಗಾಗಿ ಮೇಲೆ ಭಾರೀ ತೆರಿಗೆ. ಮೇಷ್ಟ್ರು, ಗುಮಾಸ್ತರ ಮನೆಗೆ ಜೀವಮಾನಕ್ಕೆ ಒಂದೇ ಫ್ರಿಡ್ಜ್. ಕೆಟ್ಟರೆ? ರಿಪೇರಿ. ಮತ್ತೆ ಕೆಟ್ಟರೆ? ಮತ್ತೆ ರಿಪೇರಿ. ಅದನ್ನು ನಮ್ಮ ಹಿರಿಯರ ಮಿತವ್ಯಯ ಅಂತ ಹೊಗಳುತ್ತೇವೆ. ನಿಜ ಹೇಳಬೇಕು ಅಂದರೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ.

1991ರಲ್ಲಿ ಬಾಗಿಲು ತೆರೆಯಿತು. ಕೊರಿಯಾದ ಕಂಪನಿಗಳು ಬಂದವು, ಕಂತಿನ ಸಾಲ ಬಂತು, ‘ಹಳೆಯದು ಕೊಡಿ, ಹೊಸದು ಒಯ್ಯಿರಿ’ ಬಂತು. ಬಿಡಿಭಾಗ ಹುಡುಕೋದಕ್ಕಿಂತ ಹೊಸ ಫ್ರಿಡ್ಜ್ ಮನೆಗೆ ತರಿಸೋದೇ ಸುಲಭವಾಯಿತು. ಅಂದು ರಿಪೇರಿ ಮಾಡಿಸದೆ ಗತಿ ಇರಲಿಲ್ಲ, ಇಂದು ಹೊಸದು ಕೊಳ್ಳದೆ ಗತಿ ಇಲ್ಲ. ಎರಡೂ ಕಾಲದಲ್ಲಿ ತೀರ್ಮಾನ ಬೇರೆ ಯಾರದ್ದೋ!

ಹಾಗಾದರೆ ಯಾವಾಗಲೂ ರಿಪೇರಿಯೇ ಸರಿನಾ? ಇಲ್ಲ. ಕಥೆ ಇನ್ನೂ ಇದೆ.

2024ರ ಬೇಸಿಗೆಯಲ್ಲಿ ಅದೇ ಫ್ರಿಡ್ಜ್ ಮತ್ತೆ ಕೈಕೊಟ್ಟಿತು. ಈ ಸಲ ಕಂಪ್ರೆಸರ್ ಓಡುತ್ತಿತ್ತು, ಆದರೆ ತಣ್ಣಗಾಗುತ್ತಿರಲಿಲ್ಲ. ಅದೇ ಮೆಕ್ಯಾನಿಕ್ ಬಂದ, ಅದೇ ರೀತಿ ಬಿಚ್ಚಿ ನೋಡಿದ. ಹಿಂಬದಿಯ ಲೋಹದ ಫಲಕದ ಮೇಲೆ ಟಾರ್ಚ್ ಬಿಟ್ಟು ತೋರಿಸಿದ: ಆರ್-12. “ಗ್ಯಾಸ್ ಲೀಕಾಗಿದೆ ಸಾರ್. ಈ ಗ್ಯಾಸ್ ಈಗ ಬರಲ್ಲ. ಇಷ್ಟು ಹಳೇದನ್ನ ಬೇರೆ ಗ್ಯಾಸ್‌ಗೆ ಬದಲಾಯಿಸೋದ್ರಲ್ಲಿ ಲಾಭ ಇಲ್ಲ. ನಾನು ದುಡ್ಡು ತಗೊಂಡ್ರೆ ಮೋಸ ಆಗುತ್ತೆ.”

ಆರ್-12 ಅಂದರೆ ಏನು? ಶುರುವಿನ ಫ್ರಿಡ್ಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಾನಿಲ ಇರುತ್ತಿತ್ತು. 1926ರ ಸುಮಾರಿಗೆ ಬರ್ಲಿನ್‌ನಲ್ಲಿ ಫ್ರಿಡ್ಜ್ ಅನಿಲ ಸೋರಿ ಒಂದು ಕುಟುಂಬ ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಮರುಗಿದವರು ಯಾರು ಗೊತ್ತಾ? ಆಲ್ಬರ್ಟ್ ಐನ್‌ಸ್ಟೈನ್! ತಮ್ಮ ಗೆಳೆಯ ಲಿಯೋ ಸಿಲಾರ್ಡ್ ಜೊತೆ ಸೇರಿ ಸೋರಿಕೆಯಾಗದ ಫ್ರಿಡ್ಜ್ ರೂಪಿಸಿ, 1930ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು.

ಅದೇ 1930ರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕನ್ ರಸಾಯನ ವಿಜ್ಞಾನಿ ಸಭೆಯ ಮುಂದೆ ಒಂದು ಹೊಸ ಅನಿಲವನ್ನು ಉಸಿರಿನೊಳಗೆ ಎಳೆದುಕೊಂಡು, ಅದನ್ನೇ ಊದಿ ಮೇಣದಬತ್ತಿ ಆರಿಸಿ ತೋರಿಸಿದ. ವಿಷವಲ್ಲ, ಬೆಂಕಿಯೂ ಹತ್ತುವುದಿಲ್ಲ. ಅದೇ ಫ್ರಿಯಾನ್, ನಮ್ಮ ಆರ್-12. ಐನ್‌ಸ್ಟೈನ್ ಫ್ರಿಡ್ಜ್ ಮೂಲೆಗೆ ಹೋಯಿತು, ಫ್ರಿಯಾನ್ ಜಗತ್ತಿನ ಅಡುಗೆಮನೆಗಳನ್ನು ಹೊಕ್ಕಿತು.

ಅದು ಮನೆಯೊಳಗೆ ಯಾರನ್ನೂ ಕೊಲ್ಲಲಿಲ್ಲ. ಹಾನಿ ಮಾಡಿದ್ದು ಆಕಾಶದಲ್ಲಿ. ಇಂಥ ಅನಿಲ ಓಝೋನ್ ಪದರವನ್ನು ತಿನ್ನುತ್ತದೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದರು. ಅಂಟಾರ್ಕ್ಟಿಕಾ ಮೇಲಿನ ರಂಧ್ರದ ವಿಷಯ 1985ರಲ್ಲಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ, ಅದಕ್ಕೆ 1992ರಲ್ಲಿ ಭಾರತವೂ ಸೇರಿತು. 2010ರ ಹೊತ್ತಿಗೆ ಫ್ರಿಡ್ಜ್‌ಗಳಲ್ಲಿ ಈ ಅನಿಲಕ್ಕೆ ವಿದಾಯ. ನೋಡಿ, ಹಾಸನದ ಅಡುಗೆಮನೆಯ ಒಂದು ಸೋರಿಕೆಗೆ ಮಾಂಟ್ರಿಯಲ್‌ನಲ್ಲೇ ಉತ್ತರ ಬರೆದಾಗಿತ್ತು!

ಅಮ್ಮ ಈ ಸಲ ಹಟ ಮಾಡಲಿಲ್ಲ. “ಅವನು ನೋಡಿ ಹೇಳಿದಾನಲ್ಲ, ಸಾಕು” ಅಂದರು. ಹೊಸದು ತಂದೆವು. ನಮ್ಮಲ್ಲಿ ಸ್ಟಾರ್ ಲೇಬಲ್ ಶುರುವಾಗಿದ್ದು 2006ರಲ್ಲಿ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ಅಂಗಡಿಯಲ್ಲಿ ನಾನು ಬಣ್ಣ ನೋಡುತ್ತಿದ್ದೆ, ಅಮ್ಮ ಆ ಅಂಕಿ ಓದುತ್ತಿದ್ದರು. ಹಳೆಯದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಕಳಿಸಿದೆವು. ಯಾಕೆಂದರೆ ಆ ಕಾಲದ ಫ್ರಿಡ್ಜ್‌ಗಳ ಗೋಡೆಯೊಳಗಿನ ಫೋಮ್‌ನಲ್ಲೂ ಅದೇ ಜಾತಿಯ ಅನಿಲ ಇರುತ್ತದೆ.

ಹಾಗಾಗಿ ವೀಕ್ಷಕರೇ, ನಾನು ಕಲಿತದ್ದು ಇಷ್ಟು. ರಿಲೇ, ಥರ್ಮೋಸ್ಟಾಟ್, ಬಾಗಿಲ ರಬ್ಬರ್ ಹೋದರೆ ರಿಪೇರಿ ಮಾಡಿಸಿ, ಯೋಚನೆಯೇ ಬೇಡ. ಹಳೇ ಫ್ರಿಡ್ಜ್‌ನ ಗ್ಯಾಸ್ ಸೋರಿದ್ದರೆ, ಕಂಪ್ರೆಸರ್ ನಿಜಕ್ಕೂ ಹೋಗಿದ್ದರೆ ಬೀಳ್ಕೊಡಿ. ಈಗಿನ ಎಷ್ಟೋ ಫ್ರಿಡ್ಜ್‌ಗಳ ಗ್ಯಾಸ್ ಬೆಂಕಿ ಹತ್ತುವಂಥದ್ದು, ಆ ಕೆಲಸ ಬಲ್ಲವರಿಗೇ ಕೊಡಿ. ಆದರೆ ಎಲ್ಲಕ್ಕಿಂತ ಮೊದಲು ‘ಏನು ಕೆಟ್ಟಿದೆ, ಬಿಚ್ಚಿ ತೋರಿಸಿ’ ಅಂತ ಕೇಳಿ. ದುರಸ್ತಿಯ ಹಕ್ಕು ಶುರುವಾಗೋದು ಆ ಮಾತಿನಿಂದ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಅದಕ್ಕೊಂದು ಪೋರ್ಟಲ್ಲನ್ನೂ ತೆರೆದಿದೆ. ಆದರೆ ನಾವೇ ಕೇಳದಿದ್ದರೆ ಪೋರ್ಟಲ್ ಏನು ಮಾಡೀತು?

ಹಳೇ ಫ್ರಿಡ್ಜ್‌ನ ತರಕಾರಿ ಟ್ರೇಯನ್ನು ಮಾತ್ರ ಅಮ್ಮ ಕೊಡಲಿಲ್ಲ. ಹಿತ್ತಲಲ್ಲಿ ಅದಕ್ಕೆ ಮಣ್ಣು ತುಂಬಿ ಕೊತ್ತಂಬರಿ ಬೆಳೆದಿದ್ದಾರೆ. ಹೋದ ವಾರ ಊರಿಗೆ ಹೋದಾಗ ಸಾರಿಗೆ ಅದನ್ನೇ ಹಾಕಿದ್ದರು.