ನಿಃಪ್ರತೀಕಾರ: ವೃದ್ಧಾಪ್ಯದ ವ್ಯಾಧಿ, ಚಿಕಿತ್ಸೆ ಮತ್ತು ಸಲ್ಲೇಖನದ ಮೇರೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭಕ್ಕೆ ಸೇರಿದ ಒಂದು ಶಾಸನವಿದೆ. ರಾಷ್ಟ್ರಕೂಟ ದೊರೆ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಬನವಾಸಿ ಪನ್ನಿರ್ಚ್ಛಾಸಿರವು ಕಲಿವಿಟ್ಟರಸನ ಅಧೀನದಲ್ಲಿದ್ದಾಗ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದನು. ಆ ಪದವಿ ಅವನ ಪತ್ನಿ ಜಕ್ಕಿಯಬ್ಬೆಗೆ ಸಂದಿತು. ಇದು ಕ್ರಿ.ಶ. 911–12ರ ಸುಮಾರಿನ ಸಂಗತಿ. ಹೆಣ್ಣಾಗಿಯೂ ಆಕೆ ನಾಡನ್ನು ಸಮರ್ಥವಾಗಿ ಪಾಲಿಸಿದಳೆಂದು ಶಾಸನಕವಿ ಹೊಗಳಿದ್ದಾನೆ. ನಮ್ಮ ಪಠ್ಯಪುಸ್ತಕಗಳು, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಜಕ್ಕಿಯಬ್ಬೆ ಎಂದರೆ "ಆಡಳಿತ ನಡೆಸಿದ ಮಹಿಳೆ" ಎಂಬ ಒಂದು ಅಂಕದ ಉತ್ತರ. ಆದರೆ ಶಾಸನ ಮುಂದುವರಿಯುತ್ತದೆ. ಆಕೆಯ ದೇಹವನ್ನು ವ್ಯಾಧಿ ಆಕ್ರಮಿಸಿತು. ಸಂಸಾರಭೋಗಗಳು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ, ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದನಿಕೆಯ ತೀರ್ಥಕ್ಕೆ ಬಂದು ವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದಳು. ಅದು ಶಕ 840ನೆಯ ಬಹುಧಾನ್ಯ ಸಂವತ್ಸರ, ಅಂದರೆ ಕ್ರಿ.ಶ. 918.

ನಿಸಿದಿ ಶಾಸನಗಳನ್ನು ಓದಿದವರಿಗೆ ಇದರ ವಿಶೇಷ ತಿಳಿದೀತು. ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿ ಹದಿನಾಲ್ಕು–ಹದಿನೈದನೆಯ ಶತಮಾನಗಳ ಇಂಥ ಕಲ್ಲುಗಳು ಹಲವಾರಿವೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿಯೂ ಇವೆ. ತಿಥಿ, ಗುರುವಿನ ಹೆಸರು, ಮಡಿದವರ ಹೆಸರು, ಸಮಾಧಿವಿಧಿಯಿಂದ ಸುರಲೋಕಪ್ರಾಪ್ತಿ: ಇಷ್ಟರಲ್ಲಿ ಅವುಗಳ ಮಾತು ಮುಗಿಯುತ್ತದೆ. ಏಕೆ ಎಂಬ ಪ್ರಶ್ನೆಗೆ ಅವು ಉತ್ತರಿಸುವುದು ವಿರಳ. ಬಂದಳಿಕೆಯ ಶಾಸನವು ವ್ಯಾಧಿಯನ್ನು ಕಾರಣವಾಗಿ ಮುಂದಿಡುತ್ತದೆ. ಆದರೆ ವೈದ್ಯರು ಬಂದಿದ್ದರೇ, ಮದ್ದು ಫಲಿಸದೆ ಹೋಯಿತೇ, ಮಗಳು ಬೇಡವೆಂದಳೇ ಎಂಬುದು ಅದರಿಂದ ತಿಳಿಯುವುದಿಲ್ಲ. ಶಾಸನವೆಂಬುದು ಉಳಿದವರು ಬರೆಯಿಸಿದ್ದು. ಅದು ನಿರ್ಧಾರದ ಫಲವನ್ನು ಹೇಳುತ್ತದೆ, ನಿರ್ಧಾರಕ್ಕೆ ಮುಂಚಿನ ರಾತ್ರಿಗಳನ್ನು ಹೇಳುವುದಿಲ್ಲ.

ಆ ರಾತ್ರಿಗಳ ವಿಚಾರ ನನಗೆ ಎದುರಾದದ್ದು ಗ್ರಂಥದಿಂದಲ್ಲ. ತಾಳಗುಪ್ಪ ರೈಲುಮಾರ್ಗದ ಕೊನೆಯ ನಿಲ್ದಾಣ. ಅಲ್ಲಿಂದ ರಾತ್ರಿ ಹೊರಡುವ ಮೈಸೂರಿನ ಗಾಡಿ ಬೆಳಗಿನ ಜಾವಕ್ಕೆ ಬೆಂಗಳೂರನ್ನು ಮುಟ್ಟುತ್ತದೆ. ಜೋಗ ನೋಡಿ ಮರಳುವವರ ಜತೆಗೆ ಫೈಲು, ಸ್ಕ್ಯಾನಿಂಗ್ ಲಕೋಟೆ ಹಿಡಿದ ಒಂದಿಬ್ಬರು ರೋಗಿಗಳೂ ಅದರಲ್ಲಿ ಇದ್ದೇ ಇರುತ್ತಾರೆ. ಹಾಗೆ ಹಲವು ಸಲ ಹೋಗಿಬಂದ, ಎಂಬತ್ತರ ಅಂಚಿನ ಪರಿಚಿತ ಶ್ರಾವಕರೊಬ್ಬರಿಗೆ ಮೂತ್ರಕೋಶದ ಕ್ಯಾನ್ಸರ್. ಮೊದಲು ನೋವಿಲ್ಲದೆ ಮೂತ್ರದಲ್ಲಿ ರಕ್ತ, ಆಮೇಲೆ ದರ್ಶಕನಳಿಗೆಯ ಮೂಲಕ ಗಡ್ಡೆಯನ್ನು ಕೆರೆದು ತೆಗೆದದ್ದು, ಮತ್ತೆ ಬಂದದ್ದು, ಈಗ ಮೂತ್ರಕೋಶವನ್ನೇ ತೆಗೆಯಬೇಕೆಂಬ ಸಲಹೆ. ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಔಷಧಿ ಇಷ್ಟಕ್ಕೇ ಸಾಕು ಅಂದ್ರೆ ಅದು ಸಲ್ಲೇಖನ ಆಗ್ತದಾ, ಆತ್ಮಹತ್ಯೆ ಆಗ್ತದಾ?" ಕನ್ನಡದ ಅಧ್ಯಾಪಕನಿಗೆ ವೈದ್ಯಕೀಯವನ್ನು ಹೇಳುವ ಅಧಿಕಾರವಿಲ್ಲ, ವ್ರತವನ್ನು ಕೊಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಆದರೆ ಆ ಎರಡು ಪದಗಳ ನಡುವೆ ಮೂರನೆಯದೊಂದು ಸ್ಥಾನವಿದೆಯೇ ಎಂಬುದು ಗ್ರಂಥಗಳನ್ನು ಓದಿ ಹೇಳಬಹುದಾದ ವಿಷಯ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಉಪಸರ್ಗ, ದುರ್ಭಿಕ್ಷ, ಜರೆ, ರುಜೆ. ಇವುಗಳ ಜತೆಗೆ ಬರುವ ವಿಶೇಷಣವೇ "ನಿಃಪ್ರತೀಕಾರ", ಎಂದರೆ ಪರಿಹಾರವಿಲ್ಲದ್ದು. ಈ ವಿಶೇಷಣವನ್ನು ನಾಲ್ಕಕ್ಕೂ ಅನ್ವಯಿಸಿಕೊಳ್ಳಬೇಕು. ಮುಪ್ಪು ಬಂದಿತೆಂಬ ಮಾತ್ರಕ್ಕೆ, ಕಾಯಿಲೆ ಬಂದಿತೆಂಬ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ಪ್ರತೀಕಾರ ಇದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು; ನೋಡುವುದೆಂದರೆ ವೈದ್ಯನ ಬಳಿಗೆ ಹೋಗುವುದೇ. ಸಲ್ಲೇಖನದ ಲಕ್ಷಣದೊಳಗೇ ಚಿಕಿತ್ಸೆಯ ಪ್ರಶ್ನೆ ಅಡಗಿದೆಯೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ವ್ಯಾಖ್ಯಾನ ಬರೆಯುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ವರ್ತಕನ ಮನೆಯಲ್ಲಿ ಬೆಲೆಬಾಳುವ ಸರಕಿದೆ. ಮನೆಗೆ ವಿಪತ್ತು ಬಂದರೆ ಅವನು ತನ್ನ ಶಕ್ತಿ ಇರುವಷ್ಟೂ ಅದನ್ನು ನಿವಾರಿಸಲು ಯತ್ನಿಸುತ್ತಾನೆ. ಆಗದಿದ್ದರೆ ಮನೆ ಹೋದರೂ ಸರಕನ್ನು ಉಳಿಸಿಕೊಳ್ಳುತ್ತಾನೆ. ದೇಹ ಮನೆ, ವ್ರತಶೀಲಗಳು ಸರಕು. ಈ ದೃಷ್ಟಾಂತವನ್ನು ಉಪನ್ಯಾಸಗಳಲ್ಲಿ ಹೇಳುವಾಗ ಎರಡನೆಯ ಅರ್ಧಕ್ಕೆ ಒತ್ತು ಬೀಳುತ್ತದೆ. ಮೊದಲರ್ಧದಲ್ಲಿ ವರ್ತಕ ನೀರು ಹೊತ್ತು ಓಡಾಡುತ್ತಿದ್ದಾನೆಂಬುದನ್ನು ಮರೆಯುತ್ತೇವೆ. ಪೂಜ್ಯಪಾದರ ಹೆಸರಿನಲ್ಲಿಯೇ ಒಂದು ವೈದ್ಯಗ್ರಂಥದ ಪರಂಪರೆ ಇದೆ, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಅದನ್ನು ಕರ್ಣಾಟಕ ಕಲ್ಯಾಣಕಾರಕವಾಗಿ ಕನ್ನಡಕ್ಕೆ ತಂದನು ಎಂಬುದನ್ನು ನೆನೆದರೆ, ಆ ಮೊದಲರ್ಧ ಆಕಸ್ಮಿಕವಲ್ಲವೆಂದು ತೋರುತ್ತದೆ.

ಸಮಂತಭದ್ರರ ಜೀವನದ ಐತಿಹ್ಯವಂತೂ ಇದಕ್ಕೆ ನೇರ ನಿದರ್ಶನ. ಅವರಿಗೆ ಭಸ್ಮಕ ವ್ಯಾಧಿ ತಗಲಿತ್ತೆಂಬುದನ್ನು ಶಕ 1050ರ, ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೇ ಸೂಚಿಸುತ್ತದೆ. ದೇವಚಂದ್ರನ ರಾಜಾವಳಿ ಕಥೆಯಲ್ಲಿ ಈ ಪ್ರಸಂಗ ವಿಸ್ತಾರಗೊಂಡಿದೆ. ತಿಂದದ್ದೆಲ್ಲ ಭಸ್ಮವಾಗುವ ಹಸಿವು. ಮುನಿಚರ್ಯೆಯ ಪರಿಮಿತ ಆಹಾರದಲ್ಲಿ ಅದು ಶಮನವಾಗದು. ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ವೇಷವನ್ನು ತೊರೆದು, ಬೇಕಾದಷ್ಟು ಉಂಡು, ರೋಗ ಕಳೆದ ಮೇಲೆ ಮತ್ತೆ ದೀಕ್ಷೆ ತೆಗೆದುಕೊಳ್ಳೆಂದು ಕಳುಹಿಸಿದರು. ಮುಂದೆ ಶಿವಕೋಟಿ ರಾಜನ ದೇವಾಲಯದ ನೈವೇದ್ಯ, ಸ್ವಯಂಭೂಸ್ತೋತ್ರ, ಚಂದ್ರಪ್ರಭನ ಬಿಂಬದ ಪವಾಡ ಎಲ್ಲವೂ ಬರುತ್ತವೆ. ಪವಾಡದ ಭಾಗವನ್ನು ಇತಿಹಾಸವೆಂದು ನಾನು ಮಂಡಿಸುತ್ತಿಲ್ಲ. ಆದರೆ ಸಲ್ಲೇಖನದ ಲಕ್ಷಣವನ್ನು ಬರೆದ ಆಚಾರ್ಯನಿಗೇ ಸಲ್ಲೇಖನ ನಿರಾಕೃತವಾಯಿತು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟಾದರೂ ಚಿಕಿತ್ಸೆ ಪಡೆಯಬೇಕೆಂದಾಯಿತು ಎಂಬ ಕಥೆಯನ್ನು ಒಂದು ಪರಂಪರೆ ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತೆಂದರೆ, ಆ ಪರಂಪರೆಯ ನಿಲುವು ಸ್ಪಷ್ಟವೇ.

ಇದಕ್ಕೆ ಎದುರಾಗಿ ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ವಿದ್ಯಾರ್ಥಿಗಳು ಮುಂದಿಡುತ್ತಾರೆ. ಅತಿಶಯ ರೂಪವಂತನಾಗಿದ್ದ ಚಕ್ರವರ್ತಿ ದೀಕ್ಷೆ ಪಡೆದ ಮೇಲೆ ರೋಗಗಳಿಗೆ ಈಡಾಗುತ್ತಾನೆ. ದೇವರು ವೈದ್ಯವೇಷದಲ್ಲಿ ಬಂದು ಗುಣಪಡಿಸುವೆವೆಂದರೆ, ಹುಟ್ಟುಸಾವುಗಳ ರೋಗಕ್ಕೆ ಮದ್ದುಂಟೇ ಎಂದು ಕೇಳಿ ಅವರ ಚಿಕಿತ್ಸೆಯನ್ನು ಒಲ್ಲೆನೆನ್ನುತ್ತಾನೆ. ಕಥೆ ಭವ್ಯವಾಗಿದೆ. ಆದರೆ ಆತ ಋದ್ಧಿಗಳನ್ನು ಪಡೆದ ಮುನಿ. ಸಾಗರದ ಸಂತೆಗೆ ಅಡಿಕೆ ಒಯ್ಯುವ ಶ್ರಾವಕನಲ್ಲ. ಆರಾಧನಾ ಕಥೆಗಳು ಪರೀಷಹಜಯದ ಶಿಖರವನ್ನು ತೋರುತ್ತವೆ, ಎಲ್ಲರೂ ಅಲ್ಲಿಂದಲೇ ಹೊರಡಬೇಕೆಂದು ವಿಧಿಸುವುದಿಲ್ಲ. ಕಥನಸಾಹಿತ್ಯವನ್ನು ಆಚಾರಸಂಹಿತೆಯಂತೆ ಓದುವ ಅಭ್ಯಾಸ ಸಾಹಿತ್ಯಕ್ಕೂ ಆಚಾರಕ್ಕೂ ಹಾನಿ ಮಾಡಿದೆ.

ಇನ್ನು ವೈದ್ಯಪರಂಪರೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕದಲ್ಲಿ ರೋಗಚಿಕಿತ್ಸೆಯ ಜತೆಗೆ ಮರಣಸೂಚಕವಾದ ರಿಷ್ಟಲಕ್ಷಣಗಳ ವಿವೇಚನೆಯೂ ಇದೆ. ಯಾವುದು ಸಾಧ್ಯ, ಯಾವುದು ಯಾಪ್ಯ, ಯಾವುದು ಅಸಾಧ್ಯ ಎಂದು ವಿಂಗಡಿಸುವುದು ಭಾರತೀಯ ವೈದ್ಯರ ಹಳೆಯ ಕ್ರಮ. ಯಾಪ್ಯ ಎಂದರೆ ವಾಸಿಯಾಗದ, ಆದರೆ ಚಿಕಿತ್ಸೆ ನಡೆಯುವವರೆಗೆ ತಡೆದುಕೊಂಡಿರುವ ರೋಗ. ಈ ನಡುವಿನ ವರ್ಗವೇ ನಮ್ಮ ಪ್ರಶ್ನೆಗೆ ಬೇಕಾದದ್ದು. ಮೂತ್ರಕೋಶದ ವಿಷಯದಲ್ಲಿ ಸುಶ್ರುತಸಂಹಿತೆಯ ಅಶ್ಮರೀ ಚಿಕಿತ್ಸೆಯ ಪ್ರಕರಣ ಸ್ಮರಣೀಯ. ಕಲ್ಲನ್ನು ಶಸ್ತ್ರದಿಂದ ತೆಗೆಯದಿದ್ದರೆ ಮರಣ ನಿಶ್ಚಿತ, ತೆಗೆದರೆ ಫಲ ಸಂದಿಗ್ಧ. ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ವೈದ್ಯ ಕೈಹಾಕಬೇಕೆಂದು ಅಲ್ಲಿದೆ. ಇಂದು ಒಪ್ಪಿಗೆಪತ್ರಕ್ಕೆ ರೋಗಿಯೇ ಸಹಿ ಹಾಕುತ್ತಾನೆ. ಒಡೆಯನ ಸ್ಥಾನ ರೋಗಿಗೆ ಬಂದಿದೆ. ಬರಬೇಕಾದದ್ದೂ ಹಾಗೆಯೇ. ಆದರೂ ನಮ್ಮ ಮನೆಗಳಲ್ಲಿ ಆ ಸ್ಥಾನದಲ್ಲಿ ಹಲವೊಮ್ಮೆ ಮಕ್ಕಳು ಕೂತಿರುತ್ತಾರೆ. ತಂದೆಗೆ ರೋಗದ ಹೆಸರನ್ನೂ ಹೇಳಿರುವುದಿಲ್ಲ.

ಆಧುನಿಕ ಚಿಕಿತ್ಸೆಯಲ್ಲಿ ಪ್ರತೀಕಾರವೆಂಬುದು ಒಂದೇ ವಸ್ತುವಲ್ಲ. ರೋಗ ಮೂತ್ರಕೋಶದ ಒಳಪದರದಲ್ಲೇ ಇದ್ದರೆ ಗಡ್ಡೆಯನ್ನು ತೆಗೆದು, ವಾರಕ್ಕೊಮ್ಮೆಯಂತೆ ಆರು ವಾರ ಬಿ.ಸಿ.ಜಿ.ಯನ್ನು ಮೂತ್ರಕೋಶದೊಳಕ್ಕೆ ಬಿಡುವುದುಂಟು. ಕ್ಷಯದ ಲಸಿಕೆಯಾಗಿ ನಾವು ಬಲ್ಲ ಬಿ.ಸಿ.ಜಿ.ಯೇ ಇದು. ಆಮೇಲೂ ಮರುಕಳಿಸುವ ಸ್ವಭಾವದ ರೋಗವಾದ್ದರಿಂದ ಮತ್ತೆ ಮತ್ತೆ ನಳಿಗೆ ಹಾಕಿ ನೋಡುತ್ತಿರಬೇಕು. ಸ್ನಾಯುಪದರಕ್ಕೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆದು, ಸಣ್ಣಕರುಳಿನ ತುಂಡಿನಿಂದ ಹೊಟ್ಟೆಯ ಮೇಲೆ ಮೂತ್ರಕ್ಕೆ ದಾರಿ ಮಾಡಿ ಚೀಲ ಅಂಟಿಸುತ್ತಾರೆ. ಆಯ್ದ ರೋಗಿಗಳಲ್ಲಿ ಮೂತ್ರಕೋಶವನ್ನು ಉಳಿಸಿಕೊಂಡು ವಿಕಿರಣ ಮತ್ತು ಕೀಮೋ ಕೊಡುವ ಕ್ರಮವೂ ಇದೆ. ಮೂತ್ರಪಿಂಡ ಕುಂದಿದ ವೃದ್ಧರಿಗೆ ಸಿಸ್‌ಪ್ಲಾಟಿನ್ ತಡೆಯದಿರಬಹುದು. ವಾಸಿ ಮಾಡುವ ಆಸೆಯಿಲ್ಲದೆಯೂ ರಕ್ತಸ್ರಾವ ನಿಲ್ಲಿಸಲು ಕೆಲವೇ ದಿನಗಳ ವಿಕಿರಣ ಕೊಡಬಹುದು. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ಉಪಶಮನ ಚಿಕಿತ್ಸೆಯ ವಿಭಾಗವಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆಂದೇ ಅಲ್ಲಿ ಕರುಣಾಶ್ರಯವಿದೆ.

ಆದ್ದರಿಂದ "ಇಷ್ಟಕ್ಕೇ ಸಾಕು" ಎಂಬ ಮಾತಿಗೆ ಯಾವುದು ಸಾಕು ಎಂಬ ಮರುಪ್ರಶ್ನೆ ಅಗತ್ಯ. ಎಂಬತ್ತರಲ್ಲಿ ದೊಡ್ಡ ಶಸ್ತ್ರಕ್ರಿಯೆ ಬೇಡವೆನ್ನುವುದು ಒಂದು. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಟಿದಾಗ ನಳಿಗೆಯೂ ಬೇಡ, ನೋವಿಗೆ ಮಾರ್ಫಿನ್ ಕೂಡ ಬೇಡವೆನ್ನುವುದು ಇನ್ನೊಂದು. ಮೊದಲನೆಯದನ್ನು ಆತ್ಮಹತ್ಯೆಯೆನ್ನಲು ನನಗೆ ಯಾವ ಆಧಾರವೂ ಕಂಡಿಲ್ಲ. ಸಲ್ಲೇಖನವೆನ್ನಲೂ ಆಧಾರವಿಲ್ಲ, ಸಲ್ಲೇಖನಕ್ಕೆ ಗುರು, ಕ್ಷಮಾಪಣೆ, ಕಷಾಯಗಳ ಕೃಶೀಕರಣ, ಆಹಾರದ ಕ್ರಮಕ್ರಮವಾದ ತ್ಯಾಗ ಎಲ್ಲವೂ ಬೇಕು. ಒಂದು ಚಿಕಿತ್ಸೆಯನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಂಡು, ಹಸಿವಾದಾಗ ಗಂಜಿ ಕುಡಿದು, ಮೊಮ್ಮಕ್ಕಳೊಡನೆ ಮಾತಾಡಿಕೊಂಡು ಇರುವುದು ಕೇವಲ ಬದುಕುವುದು. ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಇದನ್ನೇ ಆ ಹಿರಿಯರಿಗೂ ಹೇಳಿದೆ. ಅವರು ಶಸ್ತ್ರಕ್ರಿಯೆಯನ್ನು ಒಲ್ಲದೆ, ರಕ್ತ ನಿಲ್ಲಿಸುವ ಕಿರು ವಿಕಿರಣಕ್ಕೆ ಒಪ್ಪಿದರು. ವ್ರತದ ಮಾತನ್ನು ಮುಂದಕ್ಕೆ ಹಾಕಿದರು.

ಸಲ್ಲೇಖನದ ಅತಿಚಾರಗಳನ್ನು ಇಲ್ಲಿ ನೋಡಬೇಕು. ತತ್ತ್ವಾರ್ಥಸೂತ್ರ ಐದನ್ನು ಎಣಿಸುತ್ತದೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಸಮಂತಭದ್ರರ ಪಟ್ಟಿಯಲ್ಲಿ ಭಯವೂ ಸೇರಿದೆ. ಬದುಕು ಇನ್ನಷ್ಟು ಇರಲಿ ಎಂಬ ಹಂಬಲ ದೋಷವಾದಂತೆ, ಬೇಗ ಸಾವು ಬರಲಿ ಎಂಬ ಹಂಬಲವೂ ದೋಷ. ನೋವಿಗೆ ಔಷಧಿಯಿಲ್ಲದೆ ನರಳುವವನು ಸಾವನ್ನು ಬಯಸದೆ ಇರಬಲ್ಲನೇ? ಮಕ್ಕಳ ಜೇಬಿಗೆ ಹೊರೆಯಾದೆನೆಂಬ ಅಂಜಿಕೆಯಿಂದ ಚಿಕಿತ್ಸೆ ಬಿಡುವವನ ನಿರ್ಧಾರ ಭಯದಿಂದ ಹುಟ್ಟಿದ್ದಲ್ಲವೇ? ನನ್ನ ದೃಷ್ಟಿಯಲ್ಲಿ ಉಪಶಮನ ಚಿಕಿತ್ಸೆ ಈ ಅತಿಚಾರಗಳಿಗೆ ವಿರೋಧಿಯಲ್ಲ, ಅವುಗಳಿಂದ ದೂರವಿರಲು ಒದಗುವ ನೆರವು. ಹಾಗೆಯೇ, ವೃದ್ಧ ವಿಧವೆಯೊಬ್ಬಳ ಚಿಕಿತ್ಸೆಯ ಖರ್ಚನ್ನು ತಪ್ಪಿಸಿಕೊಳ್ಳಲು ಬಂಧುಗಳು ವ್ರತದ ಮಹಿಮೆಯನ್ನು ಕೊಂಡಾಡತೊಡಗಿದರೆ, ಅಲ್ಲಿ ವ್ರತವೂ ಇಲ್ಲ, ಮಹಿಮೆಯೂ ಇಲ್ಲ. ಈ ಅಪಾಯವನ್ನು ನಮ್ಮವರು ಬಾಯಿಬಿಟ್ಟು ಹೇಳುವುದು ಕಡಿಮೆ.

ಸಮೀಪಕಾಲದ ಪ್ರಸಿದ್ಧ ಉದಾಹರಣೆ ಆಚಾರ್ಯ ಶಾಂತಿಸಾಗರರದು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದವರಾದ ಅವರ ದೃಷ್ಟಿ ವೃದ್ಧಾಪ್ಯದಲ್ಲಿ ಕುಂದಿತು. ಕಣ್ಣು ಕಾಣದೆ ನಡೆದರೆ ಜೀವಹಿಂಸೆ ತಪ್ಪದು, ಮುನಿಯ ಈರ್ಯಾಸಮಿತಿ ಉಳಿಯದು. 1955ರಲ್ಲಿ ಅವರು ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ, 36ನೆಯ ದಿನ, ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಇಲ್ಲಿ ರೋಗವು ಪ್ರಾಣಾಂತಕವಾಗಿರಲಿಲ್ಲ, ವ್ರತಕ್ಕೆ ಅಂತಕವಾಗಿತ್ತು. ಪೂಜ್ಯಪಾದರ ವರ್ತಕನ ಸರಕು ಯಾವುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮಹಾವ್ರತಗಳಿಲ್ಲದ ಗೃಹಸ್ಥನ ಸರಕು ಬೇರೆ, ಅವನ ಲೆಕ್ಕವೂ ಬೇರೆ.

ಕಾನೂನು ಈ ಮೇರೆಗಳನ್ನು ತಡವಾಗಿ ಮುಟ್ಟಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರವನ್ನು ಆತ್ಮಹತ್ಯೆಗೆ ಸಮೀಕರಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಚಿಕಿತ್ಸೆಯ ನಿರಾಕರಣೆ ಬೇರೆ ದಾರಿಯಲ್ಲಿ ಸಾಗಿತು. 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಅದರ ವಿಧಾನ ಸರಳಗೊಂಡು, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಾಯಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಇಚ್ಛಾಪತ್ರ ಕೆಲಸಕ್ಕೆ ಬರುವುದು ರೋಗಿ ತಾನೇ ಮಾತನಾಡಲಾರದ ಸ್ಥಿತಿ ತಲುಪಿದಾಗ. ಬುದ್ಧಿ ಸ್ಥಿಮಿತದಲ್ಲಿರುವವನು ಅದಿಲ್ಲದೆಯೂ ತನಗೆ ಬೇಡದ ಚಿಕಿತ್ಸೆಯನ್ನು ಬೇಡವೆನ್ನಬಹುದು. ಆ ಪತ್ರದಲ್ಲಿ ತನ್ನ ಪರವಾಗಿ ಮಾತನಾಡುವವರ ಹೆಸರನ್ನೂ ಬರೆಯಬೇಕು. ಜಕ್ಕಿಯಬ್ಬೆ ಕರೆಸಿದ್ದು ಮಗಳನ್ನು.